ಸಚಿವರ ಸಂಬಳ: ಕಾಣುವ ಲೆಕ್ಕ, ಕಾಣದ ಲೆಕ್ಕ

ಸಚಿವರ ವೇತನ ಮತ್ತು ಸವಲತ್ತುಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಸಲದ ಅಂಕಣಕ್ಕೆ ಎತ್ತಿಕೊಂಡಿದ್ದೇನೆ. ಬರೀ ಬೈಗುಳವಿದ್ದ ಪತ್ರಗಳನ್ನು ಬದಿಗಿರಿಸಿದೆ. ಅವುಗಳಲ್ಲಿ ಒಂದೆರಡರ ಭಾಷೆ ಬಹಳ ಸೊಗಸಾಗಿತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಪ್ರಶ್ನೆ (ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರರೊಬ್ಬರಿಂದ): 2025ರ ಮಾರ್ಚ್ ತಿಂಗಳಲ್ಲಿ ಸಚಿವರ ಸಂಬಳವನ್ನು 60,000 ರೂಪಾಯಿಯಿಂದ 1.25 ಲಕ್ಷಕ್ಕೆ ಏರಿಸಿಕೊಂಡರು. ಅದೇ ವರ್ಷ ನಮ್ಮ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಇದ್ದದ್ದು 8,000 ಆಯಿತು. ನಮಗೆ ನೂರಕ್ಕೆ ಆರು, ಅವರಿಗೆ ನೂರಕ್ಕೆ ನೂರೆಂಟು. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಇಟ್ಟು ನೋಡೋಣ. ಕರ್ನಾಟಕದ ಸಚಿವ ಸಂಪುಟದಲ್ಲಿ ಮುಖ್ಯಮಂತ್ರಿಯೂ ಸೇರಿ ಹೆಚ್ಚೆಂದರೆ 34 ಮಂದಿ ಇರಬಹುದು. ಹೊಸ ದರದಲ್ಲಿ ಮುಖ್ಯಮಂತ್ರಿಗೆ 1.5 ಲಕ್ಷ, ಉಳಿದ 33 ಮಂದಿಗೆ ತಲಾ 1.25 ಲಕ್ಷ ಎಂದು ಹಿಡಿದರೆ ಇಡೀ ಸಂಪುಟದ ಮೂಲ ವೇತನ ವರ್ಷಕ್ಕೆ 5 ಕೋಟಿ 13 ಲಕ್ಷ ರೂಪಾಯಿ. 2025-26ರ ರಾಜ್ಯ ಮುಂಗಡಪತ್ರದ ಗಾತ್ರ 4,09,549 ಕೋಟಿ ರೂಪಾಯಿ. ಸರ್ಕಾರ ಒಂದು ಲಕ್ಷ ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ ಸಚಿವರ ಸಂಬಳಕ್ಕೆ ಹೋಗುವುದು ಒಂದೂಕಾಲು ರೂಪಾಯಿ. ಸಚಿವರೆಲ್ಲರೂ ಸಂಬಳವನ್ನೇ ಬಿಟ್ಟುಕೊಟ್ಟರೂ ನಿಮ್ಮ ತೊಗರಿಗೆ ಕ್ವಿಂಟಲಿಗೆ ಹತ್ತು ರೂಪಾಯಿ ಹೆಚ್ಚು ಕೊಡುವಷ್ಟು ದುಡ್ಡು ಅದರಿಂದ ಹುಟ್ಟುವುದಿಲ್ಲ. ಸಾವಿರಾರು ಕೋಟಿ ರೂಪಾಯಿಯ ಇಲಾಖೆಯೊಂದನ್ನು ನಡೆಸುವವರಿಗೆ ತಿಂಗಳಿಗೆ 1.25 ಲಕ್ಷ ಅತಿಯಾಯಿತು ಎಂದು ನಾನು ಹೇಳಲಾರೆ. ಅವರ ಕೈಕೆಳಗಿನ ಹಿರಿಯ ಅಧಿಕಾರಿಗಳ ಸಂಬಳ ಅದಕ್ಕಿಂತ ಹೆಚ್ಚು.

ಹಾಗಾದರೆ ನಿಮಗೆ ಅನ್ಯಾಯವೆನಿಸಿದ್ದು ಯಾವುದು? ಮೊತ್ತಕ್ಕಿಂತ ಹೆಚ್ಚಾಗಿ ಅದನ್ನು ಪಡೆದ ರೀತಿ ಎಂದು ನನಗೆ ತೋರುತ್ತದೆ. ಬೆಂಬಲ ಬೆಲೆಯನ್ನು ನೀವು ನಿರ್ಧರಿಸುವುದಿಲ್ಲ. ಸಚಿವರ ಸಂಬಳವನ್ನು, ಸಂವಿಧಾನದ 164ನೇ ವಿಧಿಯ 5ನೇ ಖಂಡದ ಪ್ರಕಾರ, ರಾಜ್ಯದ ಶಾಸಕಾಂಗವೇ ಕಾನೂನು ಮಾಡಿ ನಿರ್ಧರಿಸುತ್ತದೆ, ಆ ಶಾಸಕಾಂಗದಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರು ಸಚಿವರೇ. 2025ರ ಮಾರ್ಚ್ 21ರಂದು ವಿಧಾನಸಭೆ ಈ ವಿಧೇಯಕವನ್ನು ಒಪ್ಪಿದ್ದು ಗದ್ದಲದ ನಡುವೆ, ಚರ್ಚೆಯಿಲ್ಲದೆ. ಅದೇ ದಿನ ವಿರೋಧ ಪಕ್ಷದ 18 ಸದಸ್ಯರನ್ನು ಆರು ತಿಂಗಳು ಅಮಾನತು ಮಾಡಲಾಯಿತು. ಇದನ್ನು ಓದಿ ಒಂದು ಪಕ್ಷದ ಮೇಲೆ ಸಿಟ್ಟಾಗುವ ಮೊದಲು 2022ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಿ. ಆಗ ಆಡಳಿತದಲ್ಲಿದ್ದದ್ದು ಬೇರೆ ಪಕ್ಷ, ಸದನದಲ್ಲಿ ಬೇರೊಂದು ಕಾರಣಕ್ಕೆ ಅದೇ ಬಗೆಯ ಗದ್ದಲ, ಆ ಗದ್ದಲದಲ್ಲೇ ಸಚಿವರ ಸಂಬಳ 40,000ದಿಂದ 60,000ಕ್ಕೆ ಏರಿತು, ಚರ್ಚೆ ಆಗಲೂ ಇರಲಿಲ್ಲ. ಮೂರು ವರ್ಷದಲ್ಲಿ 40,000 ಹೋಗಿ 1.25 ಲಕ್ಷವಾಯಿತು. ಬೇರೆಲ್ಲ ವಿಷಯಕ್ಕೆ ಸದನದ ಬಾವಿಗಿಳಿಯುವವರು ಈ ಒಂದು ವಿಷಯ ಬಂದಾಗ ಬಾವಿಯಲ್ಲೇ ಇದ್ದುಕೊಂಡು ಅದನ್ನು ಸಾಗಗೊಡುತ್ತಾರೆ.

ಪ್ರಶ್ನೆ (ಬಸವಕಲ್ಯಾಣದ ನಿವೃತ್ತ ಶಿಕ್ಷಕಿಯೊಬ್ಬರಿಂದ): ಸೇವೆ ಮಾಡುತ್ತೇವೆಂದು ಬಂದವರಿಗೆ ಸಂಬಳವಾದರೂ ಏಕೆ? ಗಂಡ ಮಾರಯ್ಯ ಆಯ್ದು ತಂದ ಅಕ್ಕಿ ಆ ದಿನದ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಲಕ್ಕಮ್ಮ ಬಾಳಿದ ಊರು ನಮ್ಮದು. ನಮ್ಮವರೇ ಸಚಿವರಾದಾಗ ಆ ಕತೆ ಏಕೆ ನೆನಪಾಗುವುದಿಲ್ಲ?

ಉತ್ತರ: ಸಂಬಳವೇ ಬೇಡವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಜನಪ್ರತಿನಿಧಿಗೆ ಸಂಬಳ ಕೊಡಬೇಕೆಂದು ಮೊದಲು ಕೂಗೆಬ್ಬಿಸಿದವರು ಶ್ರೀಮಂತರಲ್ಲ, ಕೂಲಿಕಾರರು. ಇಂಗ್ಲೆಂಡಿನಲ್ಲಿ 1838ರಲ್ಲಿ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಅದೂ ಒಂದು, ಏಕೆಂದರೆ ಸಂಬಳವಿಲ್ಲದ ಸಂಸತ್ತಿಗೆ ಜಮೀನ್ದಾರನ ಹೊರತು ಬೇರೆಯವರು ಹೋಗುವಂತಿರಲಿಲ್ಲ. ಆ ಬೇಡಿಕೆ ಈಡೇರಿ ವರ್ಷಕ್ಕೆ 400 ಪೌಂಡ್ ಸಿಕ್ಕಿದ್ದು 1911ರಲ್ಲಿ. ಗೌರವಕ್ಕಷ್ಟೇ ದುಡಿಯುವ ಸಚಿವನೆಂದರೆ ಒಂದೋ ಮನೆಯಲ್ಲಿ ಬೇಕಾದಷ್ಟು ಇರುವವನು, ಇಲ್ಲವೇ ಬೇರೆ ಕಡೆಯಿಂದ ತುಂಬಿಸಿಕೊಳ್ಳುವವನು.

ನಮ್ಮಲ್ಲೂ ಇದರ ಬಗ್ಗೆ ಗಂಭೀರವಾಗಿ ಯೋಚಿಸಿದ ಒಂದು ಕಾಲವಿತ್ತು. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಒಪ್ಪಿದ ನಿರ್ಣಯ, ವಿಶೇಷ ಪರಿಣತರ ಹೊರತು ಸರ್ಕಾರದ ಯಾವ ನೌಕರನಿಗೂ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಸಂಬಳ ಇರಬಾರದೆಂದಿತು; 1937ರಲ್ಲಿ ಪ್ರಾಂತಗಳಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಸಚಿವರು ಅಷ್ಟನ್ನೇ ತೆಗೆದುಕೊಂಡರು. ಅಂದಿನ ಕೂಲಿಯವನ ಕಣ್ಣಿಗೆ 500 ರೂಪಾಯಿ ಸಣ್ಣದೇನಲ್ಲ. ಆದರೆ ಆ ನಿರ್ಣಯದಲ್ಲಿ ಕಾರ್ಮಿಕನಿಗೆ ಬದುಕಲು ಸಾಕಾಗುವ ಕೂಲಿಯ ಮಾತೂ ಇತ್ತು, ಮೇಲಿನವನ ಮಿತಿಯ ಮಾತೂ ಇತ್ತು. ಎರಡನ್ನೂ ಒಂದೇ ಕಾಗದದಲ್ಲಿ ಬರೆದದ್ದು ನನಗೆ ಇಂದಿಗೂ ಹಿಡಿಸುತ್ತದೆ.

ಇನ್ನು ನೀವು ಬರೆದ ಲಕ್ಕಮ್ಮನ ಕತೆ. ಅದನ್ನು ನಾವು ಆಸೆಯಿಲ್ಲದ ಬಾಳಿನ ಕತೆಯೆಂದೇ ಹೇಳಿಕೊಂಡು ಬಂದಿದ್ದೇವೆ. ನಿಮ್ಮ ಪತ್ರ ಓದಿದ ಮೇಲೆ ಅದರಲ್ಲಿ ಬೇರೊಂದು ವ್ಯವಸ್ಥೆ ಕಂಡಿತು. ಅಕ್ಕಿ ತಂದವನು ಮಾರಯ್ಯ, ಸಾಕು ಎಂದವಳು ಲಕ್ಕಮ್ಮ. ತರುವವರೂ ಅಳೆಯುವವರೂ ಬೇರೆ ಬೇರೆ. ವಿಧಾನಸೌಧದಲ್ಲಿ ಇಲ್ಲದಿರುವುದು ಇದೇ. ಬೇರೆ ದೇಶಗಳು ಇದಕ್ಕೆ ತಮ್ಮದೇ ದಾರಿ ಹುಡುಕಿಕೊಂಡಿವೆ. ಬ್ರಿಟನ್ನಿನ ಸಂಸದರು ಸುಳ್ಳು ಖರ್ಚು ತೋರಿಸಿ ಸಿಕ್ಕಿಬಿದ್ದ ಮೇಲೆ 2009ರಲ್ಲಿ ಅಲ್ಲಿ ಸಂಸದರ ವೇತನ ಮತ್ತು ಖರ್ಚನ್ನು ನೋಡಿಕೊಳ್ಳಲು ಪ್ರತ್ಯೇಕ ಸ್ವತಂತ್ರ ಪ್ರಾಧಿಕಾರ ಬಂತು. ಅಮೆರಿಕದ ಸಂವಿಧಾನದ 27ನೇ ತಿದ್ದುಪಡಿಯಂತೆ ಅಲ್ಲಿನ ಕಾಂಗ್ರೆಸ್ ತನ್ನ ಸಂಬಳ ಏರಿಸಿಕೊಂಡರೆ, ನಡುವೆ ಒಂದು ಚುನಾವಣೆ ಕಳೆಯುವ ತನಕ ಅದು ಜಾರಿಗೆ ಬರುವುದಿಲ್ಲ. 1789ರಲ್ಲಿ ಸೂಚಿಸಿದ ಆ ತಿದ್ದುಪಡಿ ಊರ್ಜಿತವಾದದ್ದು 1992ರಲ್ಲಿ, ಆದ್ದರಿಂದ ನಮ್ಮಲ್ಲಿ ತಡವಾದರೆ ಗಾಬರಿಯಾಗಬೇಕಿಲ್ಲ. ನಮ್ಮ ಲೋಕಸಭೆ, ರಾಜ್ಯಸಭೆಗಳ ಸದಸ್ಯರ ವೇತನವನ್ನೇ 2018ರ ಹಣಕಾಸು ಕಾಯ್ದೆ ವೆಚ್ಚ ಹಣದುಬ್ಬರ ಸೂಚ್ಯಂಕಕ್ಕೆ ಕಟ್ಟಿಹಾಕಿದೆ. ಅದರಂತೆ ಅವರ ವೇತನ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿದ್ದು ನಮ್ಮ ವಿಧೇಯಕ ಅಂಗೀಕಾರವಾದ ಮೂರೇ ದಿನಕ್ಕೆ. ಸೂಚ್ಯಂಕದ ಲೆಕ್ಕಕ್ಕೆ ನೂರಕ್ಕೆ 24, ಸ್ವಂತ ಲೆಕ್ಕಕ್ಕೆ ನೂರಕ್ಕೆ 108.

ಪ್ರಶ್ನೆ (ಕಲಬುರಗಿಯ ಕಾನೂನು ವಿದ್ಯಾರ್ಥಿಯೊಬ್ಬರಿಂದ): ಸಂಬಳಕ್ಕಿಂತ ಸವಲತ್ತುಗಳೇ ದೊಡ್ಡವಲ್ಲವೇ? ಒಬ್ಬ ಸಚಿವರ ಮೇಲೆ ಸರ್ಕಾರ ಒಟ್ಟು ಎಷ್ಟು ಖರ್ಚು ಮಾಡುತ್ತದೆ?

ಉತ್ತರ: ಈ ಪ್ರಶ್ನೆಗಾಗಿಯೇ ಈ ಸಂಚಿಕೆಯನ್ನು ಮೀಸಲಿಟ್ಟೆನೆಂದರೂ ನಡೆದೀತು. ಮೊದಲು ಕಾಗದದ ಮೇಲಿರುವುದನ್ನು ನೋಡಿ: ಅದೇ 2025ರ ವಿಧೇಯಕ ಸಚಿವರ ಆತಿಥ್ಯ ಭತ್ಯೆಯನ್ನು ವರ್ಷಕ್ಕೆ 5 ಲಕ್ಷಕ್ಕೂ ಮನೆ ಬಾಡಿಗೆ ಭತ್ಯೆಯನ್ನು ತಿಂಗಳಿಗೆ 1.2 ಲಕ್ಷದಿಂದ 2.5 ಲಕ್ಷಕ್ಕೂ ಏರಿಸಿತು. ಬಾಡಿಗೆ ಭತ್ಯೆ ಸಂಬಳದ ಎರಡರಷ್ಟಿರುವ ನೌಕರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಟ್ಟು ಎಷ್ಟು ಎಂಬುದಕ್ಕೆ ಮಾತ್ರ ಮುಂಗಡಪತ್ರದ ಯಾವ ಒಂದು ಪುಟದಲ್ಲೂ ಉತ್ತರ ಸಿಗುವುದಿಲ್ಲ. ಖಜಾನೆಯಲ್ಲಿ ಬಿಲ್ಲು ಪಾಸು ಮಾಡುತ್ತ ಹಲವು ವರ್ಷ ಕಳೆದವನು ನಾನು. ಅದರ ಕಾರಣ ಬಲ್ಲೆ. ಸರ್ಕಾರದ ಪ್ರತಿ ರೂಪಾಯಿಗೂ ಒಂದು ಲೆಕ್ಕ ಶೀರ್ಷಿಕೆ, ಆ ಶೀರ್ಷಿಕೆಗೊಂದು ನಾಲ್ಕಂಕಿಯ ಸಂಖ್ಯೆ ಇರುತ್ತದೆ. ಸಚಿವರದು 2013: ಮಂತ್ರಿಮಂಡಲ. ಅದರ ಕೆಳಗೆ ಸಂಬಳ, ಭತ್ಯೆ, ಸತ್ಕಾರ, ವಿವೇಚನಾ ಅನುದಾನ, ಪ್ರವಾಸ ಎಂದು ಉಪಶೀರ್ಷಿಕೆಗಳಿವೆ. ಪತ್ರಿಕೆಗಳು ಸಾಮಾನ್ಯವಾಗಿ ಬರೆಯುವುದು ಇಷ್ಟರ ಬಗ್ಗೆ. ಆದರೆ ಸಚಿವರೊಬ್ಬರು ಒಂದು ದಿನ ಕಲಬುರಗಿಗೆ ಬಂದುಹೋದರೆ ಏನೇನಾಗುತ್ತದೆ ನೋಡಿ. ಪ್ರಯಾಣದ ಟಿಕೆಟ್ಟು 2013ರಲ್ಲಿ ಕಾಣಬಹುದು. ಅವರ ಮುಂದೆ, ಹಿಂದೆ ಓಡುವ ಬೆಂಗಾವಲಿನ ಡೀಸೆಲ್ಲೂ ಪೊಲೀಸರ ದಿನಭತ್ಯೆಯೂ 2055ರಲ್ಲಿ, ಅಂದರೆ ಪೊಲೀಸ್ ಇಲಾಖೆಯಲ್ಲಿ. ಐವಾನ್-ಎ-ಶಾಹಿಯಂಥ ಅತಿಥಿಗೃಹದಲ್ಲಿ ಉಳಿದುಕೊಂಡರೆ ಅದರ ನಿರ್ವಹಣೆ 2070ರ ಕೆಳಗೆ. ಅವರು ಬರುತ್ತಾರೆಂದು ಗೋಡೆಗೆ ಸುಣ್ಣ ಬಳಿದರೆ ಅದು ಲೋಕೋಪಯೋಗಿ ಇಲಾಖೆಯ 2059ರಲ್ಲಿ. ಬೆಂಗಳೂರಿನ ಸರ್ಕಾರಿ ಬಂಗಲೆಯ ದುರಸ್ತಿ ವಸತಿ ಶೀರ್ಷಿಕೆ 2216ರಲ್ಲಿ. ಆಪ್ತ ಸಹಾಯಕರು, ಬೆರಳಚ್ಚುಗಾರರು, ಜವಾನರು ಸಚಿವಾಲಯದ 2052ರಲ್ಲಿ. ಇವುಗಳಲ್ಲಿ ಯಾವುದೂ ಅಕ್ರಮವಲ್ಲ. ಪ್ರತಿಯೊಂದು ಬಿಲ್ಲೂ ನಿಯಮದಂತೆಯೇ ಇರುತ್ತದೆ, ಲೆಕ್ಕಪರಿಶೋಧಕನೂ ಒಪ್ಪುತ್ತಾನೆ. ಆದರೆ ಈ ಬಿಲ್ಲುಗಳಲ್ಲಿ ಹೆಚ್ಚಿನವುಗಳ ಮೇಲೆ ಸಚಿವರ ಹೆಸರೇ ಇರುವುದಿಲ್ಲ.

ನನ್ನ ಕೈಯಿಂದಲೂ ಅಂಥ ಬಿಲ್ಲುಗಳು ಹಾದುಹೋಗಿವೆ. ಒಂದು ಕಚೇರಿ ಪರದೆ, ಹಾಸಿಗೆ, ಚಹಾದ ಬಟ್ಟಲುಗಳನ್ನು ಕೊಂಡು, ಕಾರಣದ ಜಾಗದಲ್ಲಿ ‘ಗಣ್ಯರ ಭೇಟಿ ಪ್ರಯುಕ್ತ’ ಎಂದಷ್ಟೇ ಬರೆದು ಕಳಿಸಿತ್ತು. ಯಾವ ಗಣ್ಯರು, ಎಂದು, ಎಷ್ಟು ಹೊತ್ತು ಎಂದು ಕೇಳಿ ಆಕ್ಷೇಪಣೆ ಬರೆದೆ. ಮರುದಿನ ಉತ್ತರ ಬಂತು: ‘ಭೇಟಿ ರದ್ದಾಗಿದೆ, ಸಾಮಗ್ರಿ ಬಂದಿದೆ, ದಯವಿಟ್ಟು ಪಾಸು ಮಾಡುವುದು.’ ಪಾಸು ಮಾಡಿದೆ. ಮಾಡದಿರಲು ನಿಯಮದಲ್ಲಿ ದಾರಿ ಇರಲಿಲ್ಲ.

ಪ್ರವಾಸದ ಖರ್ಚೆಲ್ಲ ದುಂದು ಎಂದು ಮಾತ್ರ ನೀವು ತೀರ್ಮಾನಿಸಬೇಡಿ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಕೋಲಾರದ ಸಚಿವರಿಗೂ ಬೀದರಿನ ಸಚಿವರಿಗೂ ಒಂದೇ ಪ್ರವಾಸ ಖರ್ಚು ಇರಲೆಂದರೆ ನಮ್ಮ ಕಡೆಯವರು ಕ್ಷೇತ್ರಕ್ಕೆ ಬರುವುದನ್ನೇ ಬಿಡುತ್ತಾರೆ, ನಷ್ಟ ನಮಗೇ. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸಂಪುಟ ಸಭೆ ನಡೆದಾಗ ಖರ್ಚಾಯಿತೆಂದು ಗೊಣಗಿದವರಿದ್ದರು. ನನಗೆ ಆ ಖರ್ಚಿನ ಬಗ್ಗೆ ತಕರಾರಿಲ್ಲ. ಸಂಪುಟ ಇನ್ನೂ ಹೆಚ್ಚು ಸಲ ಇಲ್ಲಿಗೆ ಬರಲಿ, ಬಂದು ಹೋದ ಮೇಲೆ ಎಲ್ಲ ಶೀರ್ಷಿಕೆಗಳನ್ನೂ ಕೂಡಿಸಿದ ಒಂದು ಹಾಳೆಯನ್ನು ಜಿಲ್ಲಾಧಿಕಾರಿಗಳ ಕಚೇರಿಯ ಫಲಕಕ್ಕೆ ಅಂಟಿಸಲಿ ಎಂಬುದಷ್ಟೇ ನನ್ನ ಕೋರಿಕೆ.

ಪ್ರಶ್ನೆ (ಯಾದಗಿರಿಯಿಂದ): ಕೈತುಂಬ ಸಂಬಳ ಕೊಟ್ಟರೆ ಸಚಿವರು ಲಂಚ ಮುಟ್ಟುವುದಿಲ್ಲ ಎನ್ನುತ್ತಾರೆ. ಸಿಂಗಪುರದಲ್ಲಿ ಹಾಗೆಯೇ ಆಗಿದೆಯಂತೆ. ನಿಜವೇ?

ಉತ್ತರ: ಸಿಂಗಪುರದ ಸಚಿವರಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಿಂಗಪುರ ಡಾಲರ್ ಸಿಗುತ್ತದೆ, ಅದೂ ಜನರ ಅಸಮಾಧಾನದಿಂದಾಗಿ 2012ರಲ್ಲಿ ಕಡಿತಗೊಳಿಸಿದ ಮೇಲೆ. ಅಷ್ಟಿದ್ದೂ ಅಲ್ಲಿನ ಮಾಜಿ ಸಾರಿಗೆ ಸಚಿವ ಎಸ್. ಈಶ್ವರನ್ ಅಧಿಕಾರದಲ್ಲಿದ್ದಾಗ ಬೆಲೆಬಾಳುವ ಉಡುಗೊರೆ ಪಡೆದ ಅಪರಾಧಕ್ಕೆ 2024ರ ಅಕ್ಟೋಬರ್‌ನಲ್ಲಿ 12 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಸಿಂಗಪುರದಿಂದ ಕಲಿಯುವುದಿದ್ದರೆ ಸಂಬಳವನ್ನಲ್ಲ, ಸಚಿವನನ್ನೂ ಜೈಲಿಗೆ ಕಳಿಸಿದ ಆ ತನಿಖೆಯನ್ನು.

ನಮ್ಮಲ್ಲಿ ಈ ವಾದಕ್ಕೆ ಬೇರೆಯೇ ತೊಡಕಿದೆ. ವಿಧಾನಸಭೆ ಅಭ್ಯರ್ಥಿ 40 ಲಕ್ಷ ರೂಪಾಯಿ ತನಕ ಖರ್ಚು ಮಾಡಲು ಕಾನೂನೇ ಅವಕಾಶ ಕೊಟ್ಟಿದೆ. ಶಾಸಕರ ಹಳೆಯ ಮೂಲ ವೇತನ 40,000 ರೂಪಾಯಿಯಂತೆ ಐದು ವರ್ಷಕ್ಕೆ 24 ಲಕ್ಷ. ಕಾನೂನು ಒಪ್ಪಿದ ಖರ್ಚೇ ಆ ಮೂಲ ವೇತನದಿಂದ ಹುಟ್ಟುತ್ತಿರಲಿಲ್ಲ; ಕಾನೂನು ಒಪ್ಪದ ಖರ್ಚಿನ ಮಾತು ನಿಮಗೂ ಗೊತ್ತು, ನನಗೂ ಗೊತ್ತು. ಹೊಸ 80,000ದ ಲೆಕ್ಕದಲ್ಲಿ ಅದು 48 ಲಕ್ಷವಾಗುತ್ತದೆ. ಇದರಿಂದ ಬಡವನೊಬ್ಬ ಚುನಾವಣೆಗೆ ನಿಲ್ಲುವ ಧೈರ್ಯ ಮಾಡಿದರೆ ನಾನು ಏರಿಕೆಯ ಪರವಾಗಿಯೇ ಬರೆಯುತ್ತಿದ್ದೆ. ಆದರೆ 2023ರಲ್ಲಿ ಗೆದ್ದವರ ಆಸ್ತಿ ಪ್ರಮಾಣಪತ್ರಗಳನ್ನು ಪರಿಶೀಲಿಸಿದ, ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ ಸಂಸ್ಥೆ ನೂರಕ್ಕೆ 97 ಮಂದಿ ಕೋಟ್ಯಧೀಶರೆಂದು ಹೇಳಿತು.

ಪ್ರಶ್ನೆ (ಹುಮನಾಬಾದಿನಿಂದ): ಮಾಜಿ ಆದ ಮೇಲೂ ಬಂಗಲೆ, ಪಿಂಚಣಿ ಎಂದು ಸರ್ಕಾರದ ಹಣದಲ್ಲೇ ಇರಬಹುದೇ?

ಉತ್ತರ: ಬಂಗಲೆಯ ಮಾತು ಮುಗಿದಿದೆ. ಮಾಜಿ ಮುಖ್ಯಮಂತ್ರಿಗಳಿಗೆ ಜೀವನಪೂರ್ತಿ ಸರ್ಕಾರಿ ಮನೆ ಕೊಡುವ ಉತ್ತರಪ್ರದೇಶದ ಕಾನೂನನ್ನು ಸುಪ್ರೀಂ ಕೋರ್ಟ್ 2018ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಹುದ್ದೆ ಬಿಟ್ಟವರು ಎಲ್ಲರಂತೆ ನಾಗರಿಕರು. ಪಿಂಚಣಿಯನ್ನು ಶಾಸಕಾಂಗದ ವಿವೇಚನೆಗೆ ಬಿಡಲಾಗಿದೆ. ಎಷ್ಟು ಸಲ ಗೆದ್ದಿದ್ದರೂ ಒಂದೇ ಪಿಂಚಣಿ ಎಂದು 2022ರಲ್ಲಿ ಪಂಜಾಬ್ ಕಾನೂನು ಮಾಡಿದೆ. ನಮ್ಮವರು ಪಂಜಾಬಿನ ಗೋಧಿ ಇಳುವರಿ ನೋಡಲು ಅಧ್ಯಯನ ಪ್ರವಾಸ ಹೋದಾಗ ಇದನ್ನೂ ನೋಡಿ ಬರಬಹುದು.

ಪ್ರಶ್ನೆ (ಸುರಪುರ ತಾಲ್ಲೂಕಿನ ಪದವೀಧರರೊಬ್ಬರಿಂದ): ನನ್ನ ತಾಯಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುತ್ತಾರೆ. 2025-26ರಲ್ಲಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ನೂರು ದಿನಕ್ಕೆ 37,000. ಅವರು ಕಡಿದ ಮಣ್ಣನ್ನು ಪಟ್ಟಿ ಹಿಡಿದು ಅಳೆಯುತ್ತಾರೆ. ಸಚಿವರ ಖರ್ಚನ್ನು ನಮ್ಮಂಥವರು ಅಳೆಯಲು ದಾರಿ ಇದೆಯೇ?

ಉತ್ತರ: ಇದೆ, ಹತ್ತು ರೂಪಾಯಿಯ ದಾರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹೀಗಾಗಿ ‘ಸಚಿವರ ಖರ್ಚೆಲ್ಲ ತಿಳಿಸಿ’ ಎಂದು ಬರೆದರೆ ವಾಪಸು ಬರುತ್ತದೆ. ಕಚೇರಿಗೊಂದರಂತೆ ಅರ್ಜಿ ಬರೆಯಿರಿ. ಜಿಲ್ಲಾಧಿಕಾರಿಗಳ ಕಚೇರಿಯ ಶಿಷ್ಟಾಚಾರ ವಿಭಾಗಕ್ಕೆ: ಕಳೆದ ಹಣಕಾಸು ವರ್ಷದಲ್ಲಿ ಜಿಲ್ಲೆಗೆ ಭೇಟಿ ಕೊಟ್ಟ ಸಚಿವರ ಹೆಸರು, ದಿನಾಂಕ, ಪ್ರತಿ ಭೇಟಿಯ ವಾಹನ, ಊಟ, ವಸತಿ ವೆಚ್ಚ. ಲೋಕೋಪಯೋಗಿ ವಿಭಾಗಕ್ಕೆ: ಅದೇ ಅವಧಿಯಲ್ಲಿ ಪ್ರವಾಸಿ ಮಂದಿರಗಳ ದುರಸ್ತಿ ಮತ್ತು ಪೀಠೋಪಕರಣದ ಬಿಲ್ಲುಗಳ ಪ್ರತಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ: ಬೆಂಗಾವಲು ವಾಹನಗಳ ಇಂಧನದ ಒಟ್ಟು ಮೊತ್ತ, ಭದ್ರತೆಯ ನೆಪದಲ್ಲಿ ನಿರಾಕರಿಸಬಹುದು, ಆದ್ದರಿಂದ ಮಾರ್ಗ, ಸಿಬ್ಬಂದಿಯ ಸಂಖ್ಯೆ ಕೇಳದೆ ಬರೀ ಮೊತ್ತ ಕೇಳಿ. ಉತ್ತರಕ್ಕೆ 30 ದಿನ ಅವಕಾಶವಿದೆ, ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಮೂರು ಕಡೆಯಿಂದಲೂ ಉತ್ತರ ಬಂದಾಗ ಪ್ರತಿಗಳನ್ನು ಈ ಅಂಕಣಕ್ಕೆ ಕಳಿಸಿ. ಯಾವ ಮೊತ್ತ ಯಾವ ಶೀರ್ಷಿಕೆಗೆ ಸೇರುತ್ತದೆಂದು ಹೊಂದಿಸಿ, ಕೂಡಿಸಿ ಕೊಡುವ ಕೆಲಸ ನನ್ನದು. ಅಷ್ಟಕ್ಕೆ ಬೇಕಾದ ಅಭ್ಯಾಸ ಇನ್ನೂ ಕೈಯಲ್ಲಿದೆ.