ಕೊಯ್ಲು ಇದ್ದರೂ ಒಂದು ದಿನ ಕೊಳದ ಹತ್ತಿರ ಬನ್ನಿ

ಈ ತಿಂಗಳು ಮೂಡಿಗೆರೆ ಕಡೆಯ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಹೀಗಿದೆ:

“ನನ್ನ ಮಗಳು ಚಿಕ್ಕಮಗಳೂರಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಹಾಸ್ಟೆಲಿನಲ್ಲಿ ಇದ್ದಾಳೆ. ಚಿಕ್ಕವಳಿದ್ದಾಗ ಅವಳ ಚಿಕ್ಕಪ್ಪ ಬೆನ್ನಿಗೆ ಬೆಂಡು ಕಟ್ಟಿ ತೋಟದ ಕೆರೆಯಲ್ಲಿ ಈಜು ಕಲಿಸಿದ್ದ. ಕಾಲೇಜಿಗೆ ಸೇರಿದ ಮೇಲೆ ದಿನಾ ಬೆಳಗ್ಗೆ ಐದಕ್ಕೆ ಎದ್ದು ಈಜುಕೊಳಕ್ಕೆ ಹೋಗುತ್ತಾಳೆ. ಬ್ರೆಸ್ಟ್‌ಸ್ಟ್ರೋಕ್ ಅಂತೆ. ಅಂತರ ಕಾಲೇಜು ಕೂಟದಲ್ಲಿ ಮೊದಲ ವರ್ಷ ಮೂರನೆಯ ಸ್ಥಾನ ಬಂತು, ಹೋದ ವರ್ಷ ನಾಲ್ಕನೆಯದು. ಹಿಂದೆ ಹೋಗುತ್ತಿದ್ದಾಳೆ ಅಲ್ವಾ? ಆದರೂ ‘ಅಪ್ಪ, ನಾಲ್ಕು ಸೆಕೆಂಡು ಕಡಿಮೆ ಆಯ್ತು’ ಅಂತ ಫೋನಿನಲ್ಲಿ ಖುಷಿಯಿಂದ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಈ ಸಲ ಕೂಟ ಡಿಸೆಂಬರಿನಲ್ಲಿ, ಚಿಕ್ಕಮಗಳೂರಿನಲ್ಲೇ. ಅದರ ಬೆನ್ನಿಗೇ ಪರೀಕ್ಷೆ. 14 ವರ್ಷದ ಹುಡುಗಿ ಒಲಿಂಪಿಕ್ಸಿಗೆ ಹೋಗಿ ಬಂದಳು, ಇವಳಿಗೆ 20 ತುಂಬಿತು. ಇನ್ನು ಇದರಿಂದ ಏನು ಬರುತ್ತದೆ? ನೆಂಟರೂ ಆ ಬಟ್ಟೆಯ ಬಗ್ಗೆ ಆಡಿಕೊಳ್ಳುತ್ತಾರೆ. ಈ ವರ್ಷ ಬೇಡ, ಓದು ನೋಡಿಕೋ ಎಂದು ಹೇಳೋಣ ಅಂದುಕೊಂಡಿದ್ದೇನೆ. ಅವಳು ಸ್ಪರ್ಧೆಯಲ್ಲಿ ಈಜುವುದನ್ನು ನಾನು ನೋಡಿಲ್ಲ. ಕೂಟ ಬರುವುದೇ ಕಾಫಿ ಕೊಯ್ಲಿನ ಹೊತ್ತಿಗೆ. ನೀವೇನು ಹೇಳುತ್ತೀರಿ?”

ಮಾನ್ಯರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಬಿಡಿಸಬೇಡಿ. ಈ ವರ್ಷ ಅವಳು ಪೂರ್ತಿ ಈಜಲಿ. ಕೂಟದ ದಿನ ನೀವು ಬಂದು ನೋಡಿ.

ನಿಮ್ಮ ಮನೆಗೆ ಈವರೆಗೆ ಬಂದಿರುವುದು ಎರಡು ಅಂಕಿ ಮಾತ್ರ. ಮೂರು, ನಾಲ್ಕು. ಅಷ್ಟನ್ನೇ ಇಟ್ಟುಕೊಂಡು ನೀವು ತೀರ್ಮಾನ ಮಾಡಲು ಹೊರಟಿದ್ದೀರಿ. ಆದರೆ ಮೂರನೆಯ ಅಂಕಿಯನ್ನೂ ಅವಳು ನಿಮಗೆ ಹೇಳಿದ್ದಾಳೆ. ನಾಲ್ಕು ಸೆಕೆಂಡು. ಅವಳ ಮಟ್ಟಿಗೆ ನಿಜವಾದ ಲೆಕ್ಕ ಅದೇ. ಸ್ಥಾನ ಎನ್ನುವುದು ಪಕ್ಕದ ಲೇನಿನಲ್ಲಿ ಆ ವರ್ಷ ಯಾರು ಬಂದಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಹೊಸದಾಗಿ ಇಬ್ಬರು ಚೆನ್ನಾಗಿ ಈಜುವವರು ಬೇರೆ ಕಾಲೇಜಿಗೆ ಸೇರಿದರೆ ನಿಮ್ಮ ಮಗಳ ಸ್ಥಾನ ಕೆಳಗೆ ಹೋಗುತ್ತದೆ. ಅದು ಅವಳ ಕೈಯಲ್ಲಿಲ್ಲ. ಗಡಿಯಾರ ಮಾತ್ರ ಅವಳದು. ಒಂದೇ ವರ್ಷದಲ್ಲಿ ನಾಲ್ಕು ಸೆಕೆಂಡು ಇಳಿಸುವುದು ಸುಮ್ನೆ ಆಗುವ ಕೆಲಸ ಅಲ್ಲ. ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಇಳಿದರೂ ಈಜುಗಾರರು ಖುಷಿಪಡುತ್ತಾರೆ. ಅವಳು ಹಿಂದೆ ಹೋಗುತ್ತಿಲ್ಲ. ಮುಂದೆ ಬಂದಿದ್ದಾಳೆ, ಜೊತೆಯವರು ಇನ್ನೂ ಸ್ವಲ್ಪ ಜಾಸ್ತಿ ಮುಂದೆ ಬಂದಿದ್ದಾರೆ, ಅಷ್ಟೇ.

ಒಲಿಂಪಿಕ್ಸಿಗೆ ಹೋದ ಹುಡುಗಿ ಎಂದು ನೀವು ಬರೆದಿರುವುದು ಬೆಂಗಳೂರಿನ ಧಿನಿಧಿ ದೇಸಿಂಗು ಬಗ್ಗೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಅವಳಿಗೆ 14 ವರ್ಷ. ಅದೇ ಸ್ಪರ್ಧೆಯನ್ನು 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದ ನಿಶಾ ಮಿಲೆಟ್ ಕೂಡ ಬೆಂಗಳೂರಿನಲ್ಲಿ ಪಳಗಿದವರು. ಟೋಕಿಯೋ, ಪ್ಯಾರಿಸ್ ಎರಡಕ್ಕೂ ಹೋದ ಶ್ರೀಹರಿ ನಟರಾಜ್ ಬೆಂಗಳೂರಿನವರೇ. ಮೂವರ ಬಗ್ಗೆಯೂ ನನಗೆ ಹೆಮ್ಮೆ ಇದೆ. ಆದರೆ ಅಲ್ಲಿ 50 ಮೀಟರಿನ ಕೊಳಗಳಿವೆ, ಕೋಚ್‌ಗಳಿದ್ದಾರೆ, ಮಕ್ಕಳು ಆರೇಳು ವರ್ಷಕ್ಕೆಲ್ಲ ನೀರಿಗೆ ಇಳಿದಿರುತ್ತಾರೆ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ತೆರೆದ ಕೊಳದಲ್ಲಿ ಅಭ್ಯಾಸ ನಡುನಡುವೆ ತಪ್ಪುತ್ತಲೇ ಇರುತ್ತದೆ. ಗುಡುಗು ಮಿಂಚು ಬಂದರೆ ಎಲ್ಲರೂ ಮೇಲೆ ಹತ್ತಲೇಬೇಕು. ಮಳೆ ಬಿಟ್ಟಿತು ಅನ್ನುವಷ್ಟರಲ್ಲಿ ಚಳಿ. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದ ಊರಿನಲ್ಲಿ, ಡಿಸೆಂಬರಿನ ಮಂಜಿನಲ್ಲಿ, ಬಿಸಿ ಮಾಡದ ಕೊಳದ ನೀರು ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಮಗಳು ಸರಿಯಾದ ಕೊಳಕ್ಕೆ ಇಳಿದದ್ದೇ 18ನೇ ವಯಸ್ಸಿಗೆ. ಅಂಥವಳನ್ನು ಧಿನಿಧಿಯ ಜೊತೆ ಹೋಲಿಸುವುದು ಇಬ್ಬರಿಗೂ ನ್ಯಾಯವಲ್ಲ.

ಬ್ರೆಸ್ಟ್‌ಸ್ಟ್ರೋಕ್ ಬೇಗ ಕೈಗೆ ಹತ್ತುವ ಈಜೂ ಅಲ್ಲ. ಕೆರೆಯಲ್ಲಿ ನಮ್ಮ ಮಕ್ಕಳು ಕಪ್ಪೆಯ ಹಾಗೆ ಕಾಲು ಒದ್ದು ಈಜುತ್ತಾರೆ, ನೋಡಲು ಅದೇ ಥರ ಕಾಣುತ್ತದೆ. ಆದರೆ ಸ್ಪರ್ಧೆಯಲ್ಲಿ ಕೈ ಎಳೆಯುವುದು, ಉಸಿರು ತೆಗೆಯುವುದು, ಕಾಲು ಒದೆಯುವುದು, ಆಮೇಲೆ ಮೈ ನೀಟಾಗಿ ಚಾಚಿ ಜಾರುವುದು, ಈ ನಾಲ್ಕೂ ಒಂದರ ಹಿಂದೆ ಒಂದು ಸರಿಯಾದ ಹೊತ್ತಿಗೆ ಬರಬೇಕು. ಒಂದು ಚೂರು ಹೆಚ್ಚು ಕಡಿಮೆಯಾದರೂ ಮೈಯೇ ನೀರಿಗೆ ಅಡ್ಡ ನಿಲ್ಲುತ್ತದೆ. ಕೆರೆಯಲ್ಲಿ ಕಲಿತ ಅಭ್ಯಾಸ ಬಿಡಿಸಿ ಹೊಸದು ಕೂರಿಸಲು ವರ್ಷಗಳೇ ಬೇಕು. ಕಾಫಿ ಗಿಡ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಫಸಲಿಗೆ ಬರುತ್ತದೆ. ಆ ವರ್ಷವೇ ಗಿಡ ಕೀಳಲು ನೀವು ಒಪ್ಪುತ್ತೀರಾ? ಫಸಲು ಅಂದರೆ ನಾನು ಪದಕ ಅನ್ನುತ್ತಿಲ್ಲ. ಅವಳು ತನ್ನ ಮೈಯಿಂದ ಎಷ್ಟು ಚೆನ್ನಾಗಿ ಈಜಬಹುದೋ ಅಷ್ಟು ಚೆನ್ನಾಗಿ ಒಮ್ಮೆ ಈಜುವುದು. ಅದು ಈ ವರ್ಷ ಆಗುವ ಸಾಧ್ಯತೆಯೇ ಜಾಸ್ತಿ.

ಪರೀಕ್ಷೆಯ ಚಿಂತೆ ಸಹಜ. ಇಲ್ಲೊಂದು ವಿಷಯ ನಿಮಗೆ ಗೊತ್ತಿರಲಿ. ಕೂಟಕ್ಕೆ ಒಂದೆರಡು ವಾರ ಇದೆ ಅನ್ನುವಾಗ ಈಜುಗಾರರು ಅಭ್ಯಾಸ ಕಡಿಮೆ ಮಾಡುತ್ತಾರೆ. ಇದಕ್ಕೆ ಟೇಪರ್ ಅನ್ನುತ್ತಾರೆ. ತಿಂಗಳುಗಟ್ಟಲೆ ದಣಿದ ಸ್ನಾಯುಗಳು ಚೇತರಿಸಿಕೊಂಡು ಕೂಟದ ದಿನಕ್ಕೆ ಪೂರ್ತಿ ಶಕ್ತಿ ಸಿಗಲಿ ಅಂತ. ಆ ದಿನಗಳಲ್ಲಿ ಅವಳು ನೀರಿನಲ್ಲಿ ಕಡಿಮೆ ಹೊತ್ತು ಇರುತ್ತಾಳೆ, ಹೆಚ್ಚು ಮಲಗುತ್ತಾಳೆ. ಮನೆಗೆ ಬಂದಾಗ ಸೋಮಾರಿ ಆಗಿದ್ದಾಳೆ ಅನ್ನಿಸಿದರೆ ಬೈಯಬೇಡಿ. ಓದಿಗೆ ಸಮಯ ಸಿಗುವುದೂ ಆಗಲೇ. ಪರೀಕ್ಷೆ ಕೂಟದ ಬೆನ್ನಿಗೇ ಇರುವುದು ಒಂದು ಲೆಕ್ಕಕ್ಕೆ ಅವಳಿಗೆ ಅನುಕೂಲವೇ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹತ್ತಿರ ಒಮ್ಮೆ ನೀವೇ ಮಾತಾಡಿ. ಅಪ್ಪ ಬಂದು ಕೇಳಿದರೆ ಅವರಿಗೂ ಸಂತೋಷ ಆಗುತ್ತದೆ.

ಬಟ್ಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೆಣ್ಣುಮಕ್ಕಳ ಈಜುಡುಗೆ ಭುಜದಿಂದ ಮಂಡಿಯವರೆಗೆ ಇರಲು ನಿಯಮದಲ್ಲೇ ಅವಕಾಶ ಇದೆ, ದೊಡ್ಡ ಕೂಟಗಳಲ್ಲಿ ಬಹಳ ಮಂದಿ ಅದನ್ನೇ ಹಾಕುತ್ತಾರೆ. ಯಾವುದು ಬೇಕು ಎನ್ನುವುದು ಅವಳಿಗೆ ಬಿಟ್ಟದ್ದು. ಸೀರೆಯಲ್ಲಿ, ಚೂಡಿದಾರದಲ್ಲಿ ಈಜಲು ಆಗುವುದಿಲ್ಲ. ನೆಂಟರು ಕೇಳಿದರೆ ಅಷ್ಟೇ ಹೇಳಿ. ಇದನ್ನು ಅವಳ ಕಿವಿಗೆ ಹಾಕಬೇಡಿ. ನೀರಿಗೆ ಹಾರಲು ನಿಲ್ಲುವ ಕಟ್ಟೆ, ಅಂದರೆ ಸ್ಟಾರ್ಟಿಂಗ್ ಬ್ಲಾಕ್ ಮೇಲೆ ನಿಂತಾಗ ಅವಳ ತಲೆಯಲ್ಲಿ ಆ ಮಾತು ಇರಬಾರದು.

ಪತ್ರದ ಕೊನೆಯಲ್ಲಿ ನೀವು ಹಗುರವಾಗಿ ಬರೆದ ಇನ್ನೊಂದು ಮಾತಿದೆ: “ತನ್ನ ಅಭ್ಯಾಸ ಮುಗಿದ ಮೇಲೂ ಮೊದಲ ವರ್ಷದ ಹುಡುಗಿಯರಿಗೆ ಹೇಳಿಕೊಡುತ್ತಾ ನಿಲ್ಲುತ್ತಾಳಂತೆ, ಅದಕ್ಕೇ ತಿಂಡಿಗೆ ತಡ.” ನನಗೆ ಇಡೀ ಪತ್ರದಲ್ಲಿ ತುಂಬಾ ಇಷ್ಟವಾದದ್ದು ಇದು. ಸೀನಿಯರ್ ಅಂದರೆ ಇದೇ. ನಾಲ್ವರು ತಲಾ 100 ಮೀಟರ್ ಈಜುವ ಮೆಡ್ಲೆ ರಿಲೇಯಲ್ಲೂ ಅವಳಿದ್ದಾಳೆ ಎಂದು ಬರೆದಿದ್ದೀರಿ. ಅದರಲ್ಲಿ ಮೊದಲು ಬ್ಯಾಕ್‌ಸ್ಟ್ರೋಕ್, ಆಮೇಲೆ ಬ್ರೆಸ್ಟ್‌ಸ್ಟ್ರೋಕ್, ಆಮೇಲೆ ಬಟರ್‌ಫ್ಲೈ, ಕೊನೆಗೆ ಫ್ರೀಸ್ಟೈಲ್. ಅಂದರೆ ನಿಮ್ಮ ಮಗಳು ಎರಡನೆಯವಳು. ಮೊದಲನೆಯವಳು ಗೋಡೆ ಮುಟ್ಟುವ ಮುಂಚೆ ಇವಳ ಕಾಲು ಬ್ಲಾಕ್ ಬಿಟ್ಟರೆ ಇಡೀ ತಂಡ ಔಟ್. ತಡವಾಗಿ ಬಿಟ್ಟರೆ ಸಮಯ ಹಾಳು. ಬರುತ್ತಿರುವ ಹುಡುಗಿಯ ಕೈ ಹೇಗೆ ಬೀಳುತ್ತದೆ, ಕೊನೆಯ ಐದು ಮೀಟರಿಗೆ ಅವಳಿಗೆ ಎಷ್ಟು ಎಳೆತ ಬೇಕು, ಎಲ್ಲ ಗೊತ್ತಿರಬೇಕು. ಅದು ಗೊತ್ತಾಗುವುದು ತಿಂಡಿಗೆ ತಡ ಮಾಡಿಕೊಂಡು ನಿಂತವರಿಗೆ. ಈ ವರ್ಷ ನೀವು ಬಿಡಿಸಿದರೆ ಕೈಬಿಡುವುದು ಒಬ್ಬಳನ್ನಲ್ಲ, ನಾಲ್ವರನ್ನು.

ಈಗ ಕೂಟದ ದಿನ ಏನು ನೋಡಬೇಕು ಎಂದು ಹೇಳುತ್ತೇನೆ. ಗೊತ್ತಿಲ್ಲದೆ ಕುಳಿತರೆ ನೀರು ಚಿಮ್ಮುವುದು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೊದಲು ಅವಳ ಲೇನ್ ನೋಡಿ. ಅತಿ ಕಡಿಮೆ ಸಮಯ ಇರುವವರನ್ನು ನಡುವೆ ಹಾಕುತ್ತಾರೆ. ಎಂಟು ಲೇನಿನ ಕೊಳದಲ್ಲಿ ನಾಲ್ಕನೆಯದು, ಆರು ಲೇನಿನದಾದರೆ ಮೂರನೆಯದು. ಅಲ್ಲಿಂದ ಎರಡೂ ಬದಿಗೆ ಹಂಚಿಕೊಂಡು ಹೋಗುತ್ತಾರೆ. ಅವಳು ನಡುವಿಗೆ ಹತ್ತಿರ ಇದ್ದರೆ ಆ ನಾಲ್ಕು ಸೆಕೆಂಡಿಗೆ ಬೆಲೆ ಸಿಕ್ಕಿದೆ ಎಂದು ತಿಳಿಯಿರಿ.

ರೆಫರಿ ಚಿಕ್ಕ ಚಿಕ್ಕದಾಗಿ ಸೀಟಿ ಊದಿದರೆ ತಯಾರಾಗಿ ಎಂದು. ಒಂದು ಉದ್ದ ಸೀಟಿ ಬಂದರೆ ಎಲ್ಲರೂ ಬ್ಲಾಕ್ ಹತ್ತುತ್ತಾರೆ. ಆಗ ಗ್ಯಾಲರಿ ಪೂರ್ತಿ ಸುಮ್ಮನಾಗುತ್ತದೆ. ನೀವೂ ಮಗಳ ಹೆಸರು ಕೂಗಬೇಡಿ. ಸದ್ದಿಗೆ ಒಬ್ಬರು ಮೊದಲೇ ಹಾರಿಬಿಟ್ಟರೆ ಅವರ ಆ ಸ್ಪರ್ಧೆ ಅಲ್ಲಿಗೇ ಮುಗಿಯುತ್ತದೆ, ಎರಡನೇ ಅವಕಾಶ ಇಲ್ಲ. ಎಲ್ಲರೂ ನೀರಿಗೆ ಬಿದ್ದ ಮೇಲೆ ಎಷ್ಟು ಬೇಕಾದರೂ ಕೂಗಿ.

ಬಿದ್ದ ಕೂಡಲೇ ಅವಳು ಕಾಣುವುದಿಲ್ಲ. ಗಾಬರಿ ಬೇಡ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಹಾರಿದ ಮೇಲೆ ನೀರಿನೊಳಗೇ ಒಂದು ಸಲ ಕೈಯನ್ನು ತೊಡೆಯವರೆಗೆ ಪೂರ್ತಿ ಎಳೆಯಬಹುದು. ಚೆನ್ನಾಗಿ ಕಲಿತವರು ಅಲ್ಲೇ ಒಂದಿಷ್ಟು ದೂರ ಗಳಿಸುತ್ತಾರೆ. ಆಮೇಲೆ ಪ್ರತಿ ಎಳೆತಕ್ಕೂ ತಲೆ ಮೇಲೆ ಬರಬೇಕು. ತಿರುವಿನಲ್ಲಿ, ಕೊನೆಯಲ್ಲಿ, ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಬೇಕು. ಒಂದು ಕೈ ಮೊದಲು ತಾಗಿದರೂ ಡಿಸ್ಕ್ವಾಲಿಫೈ. ಸುಸ್ತಾದಾಗ ಈ ತಪ್ಪು ಸುಲಭವಾಗಿ ಆಗುತ್ತದೆ.

ಅವಳದು 200 ಮೀಟರ್ ಆದರೆ, 25 ಮೀಟರಿನ ಕೊಳದಲ್ಲಿ ಎಂಟು ಉದ್ದ. ಮೊದಲ ಎರಡು ಉದ್ದದಲ್ಲಿ ಅವಳು ಹಿಂದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಆರಂಭದಲ್ಲೇ ಜೋರಾಗಿ ಹೋದವರಿಗೆ ಐದನೇ ಉದ್ದಕ್ಕೆ ತೊಡೆ ಕಲ್ಲಾಗುತ್ತದೆ. ಜಾರುವುದು ಮೊಟಕಾಗುತ್ತದೆ, ಎಳೆತ ಹೆಚ್ಚಾಗುತ್ತದೆ, ಮುಂದೆ ಹೋಗುವುದು ಮಾತ್ರ ಕಡಿಮೆ. ಒಂದು ಉದ್ದಕ್ಕೆ ಅವಳು ಎಷ್ಟು ಎಳೆತ ಹಾಕುತ್ತಾಳೆ ಎಂದು ಮೊದಲಲ್ಲೂ ಕೊನೆಯಲ್ಲೂ ಎಣಿಸಿ. ಲೆಕ್ಕ ಹೆಚ್ಚು ಏರದೆ ಇದ್ದರೆ, ಆ ಚಳಿಯ ಬೆಳಗುಗಳಲ್ಲಿ ಅವಳು ಏನು ಮಾಡುತ್ತಿದ್ದಳು ಎನ್ನುವುದು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಮುಗಿದ ಮೇಲೆ “ಎಷ್ಟನೆಯವಳು?” ಎಂದು ಕೇಳಬೇಡಿ. “ಟೈಮ್ ಎಷ್ಟಾಯ್ತು?” ಎಂದು ಕೇಳಿ.

ಕೆಲಸದ ವಿಷಯವೂ ಹೇಳುತ್ತೇನೆ, ಅಪ್ಪನಿಗೆ ಆ ಯೋಚನೆ ಇರಲೇಬೇಕು. ಅಂತರ ಕಾಲೇಜು ಕೂಟದಲ್ಲಿ ಚೆನ್ನಾಗಿ ಈಜಿದವರು ಕುವೆಂಪು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಆಗಬಹುದು. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರನ್ನು ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ ಪರಿಗಣಿಸುತ್ತಾರೆ. ಗ್ರೂಪ್ ‘ಸಿ’ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಹೀಗೆ ತುಂಬಲು ಅವಕಾಶ ಇದೆ, ಈಜು ಆ ಪಟ್ಟಿಯಲ್ಲಿದೆ. ಅವಳು ತಂಡಕ್ಕೆ ಆಯ್ಕೆಯಾದರೆ ಪ್ರಮಾಣಪತ್ರವನ್ನು ಕಾಲೇಜು ಬಿಡುವ ಮುಂಚೆಯೇ ಕೇಳಿ ತೆಗೆದುಕೊಳ್ಳಲಿ. ಆದರೆ ಇದಕ್ಕೋಸ್ಕರ ಈಜಲಿ ಎಂದು ನಾನು ಹೇಳುತ್ತಿಲ್ಲ. ಕೋಟಾ ಸಿಗದೇ ಹೋದರೂ ನನ್ನ ಉತ್ತರ ಇದೇ.

ಹೇಮಾವತಿ ಹುಟ್ಟುವುದು ನಿಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಹೊಳೆ, ಕೆರೆ, ಕೃಷಿಹೊಂಡ ಇಲ್ಲದ ಊರು ನಮ್ಮ ಕಡೆ ಇಲ್ಲ. ಮುಳುಗಿ ಸತ್ತವರ ಸುದ್ದಿ ಓದುವಾಗಲೆಲ್ಲ ಸಂಕಟವಾಗುತ್ತದೆ. ಸರಿಯಾಗಿ ಈಜು ಬಲ್ಲ, ಬೇರೆಯವರಿಗೆ ಹೇಳಿಕೊಡಬಲ್ಲ ಒಬ್ಬ ಹೆಣ್ಣುಮಗಳು ನಿಮ್ಮ ಊರಿನಲ್ಲಿ ಇರುವುದು ಸಣ್ಣ ವಿಷಯವಲ್ಲ. ಊರಿನ ಹುಡುಗಿಯರನ್ನು ಅವರ ತಾಯಂದಿರು ಅವಳ ಹತ್ತಿರ ಧೈರ್ಯವಾಗಿ ಕಳಿಸುತ್ತಾರೆ. ಕಾಲೇಜಿನ ಕೂಟ ಅವಳಿಗೆ ಇದೇ ಕೊನೆಯದಾದರೂ ಈಜು ಕೊನೆಯಾಗಬೇಕಿಲ್ಲ. 25 ದಾಟಿದವರಿಗೆ ಮಾಸ್ಟರ್ಸ್ ಕೂಟಗಳೂ ಇವೆ.

ಕೊಯ್ಲಿನ ಕಷ್ಟ ನನಗೆ ಗೊತ್ತು. ಹಣ್ಣು ಕಾಯುವುದಿಲ್ಲ, ಆಳುಗಳು ಸಿಗುವುದೇ ಕಷ್ಟ, ಕಣದಲ್ಲಿ ಹರವಿದ್ದನ್ನು ಬಿಟ್ಟು ಬರಲೂ ಆಗುವುದಿಲ್ಲ. ಆದರೆ ನಿಮ್ಮ ತಮ್ಮ ಪಕ್ಕದಲ್ಲೇ ಇದ್ದಾರೆ, ಬೆಂಡು ಕಟ್ಟಿ ಕಲಿಸಿದವರು ಅವರೇ. ಒಂದು ದಿನ ಕಣ ನೋಡಿಕೋ ಎಂದರೆ ಇಲ್ಲ ಎನ್ನಲಿಕ್ಕಿಲ್ಲ. ಅವರಿಗೂ ಬರುವ ಆಸೆ ಇದ್ದರೆ ಹೀಟ್ಸ್‌ಗೆ (ಫೈನಲ್‌ಗೆ ಮುಂಚಿನ ಸುತ್ತು) ಒಬ್ಬರು, ಫೈನಲ್‌ಗೆ ಒಬ್ಬರು ಎಂದು ಹಂಚಿಕೊಳ್ಳಿ. ಬರುತ್ತೇವೆ ಎಂದು ಮಗಳಿಗೆ ಒಂದು ವಾರ ಮೊದಲೇ ಹೇಳಿ, ಕೊಳದ ಹತ್ತಿರ ತಟ್ಟನೆ ಕಂಡರೆ ಅವಳ ಗಮನ ಚೆದುರುತ್ತದೆ. ಅವಳ ತಾಯಿಯನ್ನು ಕರೆದುಕೊಂಡು ಬನ್ನಿ. ಒಂದು ದಪ್ಪ ಟವೆಲ್, ಫ್ಲಾಸ್ಕಿನಲ್ಲಿ ಬಿಸಿ ಬಿಸಿ ಏನಾದರೂ ತನ್ನಿ. ಜೂನಿಯರ್ ಹುಡುಗಿಯರೂ ಇರುತ್ತಾರೆ, ಸ್ವಲ್ಪ ಜಾಸ್ತಿಯೇ ಇರಲಿ.