ಕೆಲಸ ನೋಡಿ ಬಡ್ತಿ: ಸರಿ, ಆದರೆ ನೋಡುವುದು ಹೇಗೆ?

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: 'ಮಗಳ ಕಾಲೇಜಿನಲ್ಲಿ ಪಾಠ ಮಾಡದವರಿಗೂ ವಯಸ್ಸಿನ ಮೇಲೆ ಬಡ್ತಿ ಸಿಗುತ್ತಿದೆ. ಕಂಪನಿಗಳ ಹಾಗೆ ಕೆಲಸ ನೋಡಿ ಯಾಕೆ ಕೊಡಬಾರದು?'

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ದುಡಿಯುವವರಿಗೂ ದುಡಿಯದವರಿಗೂ ಒಂದೇ ಫಲ ಸಿಕ್ಕರೆ ಯಾರಿಗೆ ತಾನೇ ಹುರುಪು ಉಳಿದೀತು? ಆದರೆ ನೀವು ಕೇಳುತ್ತಿರುವುದನ್ನು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2010ರಲ್ಲೇ ಶುರುಮಾಡಿತ್ತು. ಅಧ್ಯಾಪಕರ ಕೆಲಸಕ್ಕೆ ಅಂಕ ಹಾಕಿ ಬಡ್ತಿಗೆ ಪರಿಗಣಿಸುವ ಎಪಿಐ ಎಂಬ ಪದ್ಧತಿ ಬಂತು. ಅಂಕಕ್ಕಾಗಿ ಸಂಶೋಧನಾ ಲೇಖನ ಬೇಕು, ಲೇಖನಕ್ಕಾಗಿ ಅದನ್ನು ಪ್ರಕಟಿಸುವ ಜರ್ನಲ್ ಬೇಕು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ನಾಯಿಕೊಡೆಗಳಂತೆ ಎದ್ದವು. ಕೊನೆಗೆ 2018ರ ಮೇ ತಿಂಗಳಲ್ಲಿ ಯುಜಿಸಿಯೇ ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. ಚೀನಾದಲ್ಲೂ ಇದೇ ಕಥೆ. ಲೇಖನಕ್ಕೆ ಇಷ್ಟು ಎಂದು ನಗದು ಬಹುಮಾನ ಕೊಡುವುದನ್ನು ನಿಲ್ಲಿಸಿ ಅಂತ ಅಲ್ಲಿನ ಸರ್ಕಾರ 2020ರಲ್ಲಿ ಹೇಳಿತು.

ನಮಗೆ ಹತ್ತಿರದ ಒಂದು ಲೆಕ್ಕ ನೋಡಿ. 2018ರ ಯುಜಿಸಿ ನಿಯಮದಲ್ಲಿ ಭಾಷಾ ಅಧ್ಯಾಪಕರ ಒಂದು ಲೇಖನಕ್ಕೆ 10 ಅಂಕ. ಇಡೀ ಪುಸ್ತಕ ಅನುವಾದಿಸಿದರೆ 8! ಮರಾಠಿಯ ದಪ್ಪ ಕಾದಂಬರಿಯೊಂದನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ಕೂರಬೇಕು. ಮುಂಬಯಿ, ಪುಣೆಯ ಕನ್ನಡ ಅಧ್ಯಾಪಕರಷ್ಟು ಚೆನ್ನಾಗಿ ಅದನ್ನು ಮಾಡಬಲ್ಲವರು ಬೇರೆ ಯಾರಿದ್ದಾರೆ? ಹತ್ತು ಪುಟದ ಲೇಖನಕ್ಕೇ ಜಾಸ್ತಿ ಬೆಲೆ ಅಂದರೆ ಯಾರು ಆ ಕೆಲಸಕ್ಕೆ ಕೈ ಹಾಕುತ್ತಾರೆ? ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ.

ಪಾಠದ್ದೂ ಅಷ್ಟೇ. ಅದೇ ನಿಯಮದಲ್ಲಿ, ವಹಿಸಿದ ತರಗತಿಗಳಲ್ಲಿ ಶೇ. 80ರಷ್ಟು ತೆಗೆದುಕೊಂಡರೆ 'ಉತ್ತಮ'. ಹಳೇ ನೋಟ್ಸ್ ಓದಿ ಹೇಳಿದವರೂ ಉತ್ತಮ, ಕೊನೇ ಬೆಂಚಿನ ಹುಡುಗಿಗೆ ಅರ್ಥವಾಗುವ ತನಕ ಬಿಡದೆ ಹೇಳಿಕೊಟ್ಟವರೂ ಉತ್ತಮ. ಎಣಿಸುವುದು ಸುಲಭ ಅಂತ ಎಣಿಸುತ್ತಿದ್ದೇವೆ, ಅಲ್ವಾ?

ನನ್ನ ಅಭಿಪ್ರಾಯ ಇಷ್ಟೇ: ಎಣಿಸುವುದು ಬಿಟ್ಟು ಓದಬೇಕು. ಅಧ್ಯಾಪಕರು ತಮ್ಮ ಮೂರು ಒಳ್ಳೆಯ ಕೆಲಸಗಳನ್ನು ಕೊಡಲಿ. ಅನುವಾದವೂ ಆಗಬಹುದು, ಹೊಸ ಪಠ್ಯವೂ ಆಗಬಹುದು. ಹೊರಗಿನ ವಿಷಯತಜ್ಞರು ಅವನ್ನು ಓದಿ, ಕಾರಣ ಸಹಿತ ಬರೆದುಕೊಡಲಿ. ಪಾಠದ ಬಗ್ಗೆ ಈಗಿನ ವಿದ್ಯಾರ್ಥಿಗಳ ಜೊತೆಗೆ ಕಲಿತು ಹೋದವರನ್ನೂ ಕೇಳಲಿ. ಪರೀಕ್ಷೆಯ ಭಯ ಇಲ್ಲದವರು ನೇರವಾಗಿ ಹೇಳುತ್ತಾರೆ.

ಇನ್ನೊಂದು ಮಾತು. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಸಿಎಚ್‌ಬಿ ಅಂತ, ಗಂಟೆ ಲೆಕ್ಕದಲ್ಲಿ ಪಾಠ ಮಾಡುವವರು ಬಹಳ ಜನ ಇದ್ದಾರೆ. ಅವರಿಗೆ ಬಡ್ತಿಯ ಪ್ರಶ್ನೆಯೇ ಇಲ್ಲ. ಮಗಳಿಗೆ ಚೆನ್ನಾಗಿ ಪಾಠ ಮಾಡುವವರಲ್ಲಿ ಎಷ್ಟು ಮಂದಿ ಹೀಗಿದ್ದಾರೆ, ಕೇಳಿ ನೋಡಿ. ಮೊದಲು ಆ ಹುದ್ದೆಗಳನ್ನು ಕಾಯಂ ಆಗಿ ತುಂಬಬೇಕು. ಬಡ್ತಿಯ ಮಾತು ಅವರಿಗೂ ಅನ್ವಯಿಸಲಿ.