ಮೀನು ಕೊಯ್ದ ಕಟ್ಟೆಗೆ ಫಿನಾಯಿಲ್ ಒರೆಸಿದರೆ ಸಾಕಾ?
ಮೀನು ಕೊಯ್ದ ಅಡುಗೆ ಕಟ್ಟೆಗೆ ಸೀದಾ ಫಿನಾಯಿಲ್ ಒರೆಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಫಿನಾಯಿಲ್ ನೆಲಕ್ಕೆ ಸರಿ, ತಿನ್ನುವ ವಸ್ತು ಇಡುವ ಜಾಗಕ್ಕಲ್ಲ.

ನಾನೂ ಕಾರವಾರದವಳೇ, ನಮ್ಮಲ್ಲೂ ವಾರಕ್ಕೆ ನಾಲ್ಕು ದಿನ ಮೀನು. ಬಂಗುಡೆ ಕೊಯ್ದ ಮೇಲೆ ಕಟ್ಟೆಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಜಿಡ್ಡು ಜಾರುತ್ತದೆ, ಸಣ್ಣ ಹುರುಪೆ ಅಂಟಿಕೊಳ್ಳುತ್ತದೆ. ಆ ಜಿಡ್ಡಿನ ಅಡಿಯಲ್ಲಿರುವ ರೋಗಾಣುವಿಗೆ ಮೇಲೆ ಹಾಕಿದ ಔಷಧಿ ಸರಿಯಾಗಿ ತಾಗುವುದೇ ಇಲ್ಲ. ಬ್ಲೀಚಿನ ಶಕ್ತಿಯನ್ನೂ ಕೊಳೆಯೇ ತಿಂದುಬಿಡುತ್ತದೆ. ಅದಕ್ಕೇ ಮೊದಲು ಸೋಪು ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಇದು ಕ್ಲೀನಿಂಗ್. ಕೊಳೆಯ ಜೊತೆ ಎಷ್ಟೋ ರೋಗಾಣುಗಳೂ ಹೋಗುತ್ತವೆ.

ಆಮೇಲೆ ಸ್ಯಾನಿಟೈಸಿಂಗ್, ಅಂದರೆ ಉಳಿದ ರೋಗಾಣುಗಳನ್ನು ಅಪಾಯವಿಲ್ಲದಷ್ಟು ಕಡಿಮೆ ಮಾಡುವುದು. 1 ಲೀಟರ್ ನೀರಿಗೆ 1 ಟೀ ಚಮಚ ಬ್ಲೀಚ್ ದ್ರಾವಣ ಸಾಕು, ಪರಿಮಳ ಇಲ್ಲದ್ದು. 2 ನಿಮಿಷ ಒದ್ದೆ ಇರಲಿ, ತಾನಾಗೇ ಒಣಗಲಿ. ತಕ್ಷಣ ಒರೆಸಿದರೆ ಸುಮ್ನೆ ದಂಡ.

ಡಿಸಿನ್ಫೆಕ್ಟಿಂಗ್ ಇನ್ನೂ ಜೋರಿನದು, ದಿನಾ ಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆದಾಗ ಪಾಯಖಾನೆ, ಚಿಲಕ, ನಲ್ಲಿಗೆ ಮಾಡಿ. ಲೀಟರ್ ನೀರಿಗೆ 4 ಟೀ ಚಮಚ ಬ್ಲೀಚ್, 5 ನಿಮಿಷ ಒದ್ದೆ ಇರಲಿ. ಕಿಟಕಿ ತೆರೆದಿಡಿ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.